ತಲೆಗೆ ಬಂದ ನೆರೆ

ಕನ್ನಡದಲ್ಲಿ 'ನೆರೆ' ಎಂಬ ಎರಡಕ್ಷರದ ಮಾತಿಗೆ ಅರ್ಥ ಮೂರು. ಹೊಳೆಗೆ ಬಂದರೆ ಪ್ರವಾಹ, ಪಕ್ಕದಲ್ಲಿದ್ದರೆ ನೆರೆಮನೆ, ತಲೆಗೆ ಬಂದರೆ ಬಿಳಿಗೂದಲು. ಹೊಳೆಗೆ ನೆರೆ ಬಂದರೆ ಗಂಟುಮೂಟೆ ಕಟ್ಟಿಕೊಂಡು ಎತ್ತರದ ಜಾಗಕ್ಕೆ ಓಡುತ್ತೇವೆ. ನೆರೆಮನೆಯವರ ಜೊತೆ ಹೇಗೋ ಹೊಂದಿಕೊಂಡು ಹೋಗುತ್ತೇವೆ. ತಲೆಗೆ ಬಂದಾಗ ಮಾತ್ರ ಓಡಬೇಕೋ ಹೊಂದಿಕೊಳ್ಳಬೇಕೋ ಗೊತ್ತಾಗದೆ ಕನ್ನಡಿಯ ಮುಂದೆ ನಿಂತುಬಿಡುತ್ತೇವೆ. ಈ ಮೂರನೆಯ ನೆರೆಯನ್ನು 'ನರೆ' ಎಂದೂ ಬರೆಯುತ್ತಾರೆ. ಪ್ರವಾಹದೊಡನೆ ಗೊಂದಲ ಬೇಡವೆಂದು ನಾನೂ ಇನ್ನು ಮುಂದೆ ಹಾಗೇ ಬರೆಯುತ್ತೇನೆ.

ಮಳೆ, ಮಿಂಚು, ಮೊಸರು ಎಂದು ಮಾತಾಡುವ ಈ ಅಂಕಣಕ್ಕೆ ಅಪ್ಪ ಅಮ್ಮಂದಿರ ತಲೆಗೂದಲ ವಿಷಯ ಯಾಕೆ ಬಂತು ಎಂದು ವಿದ್ಯಾರ್ಥಿಗಳು ಕೇಳಬಹುದು. ಕಾರಣ ಎರಡು. ಒಂದು, ಒಂದೇ ಒಂದು ಬಿಳಿಗೂದಲಿನೊಳಗೆ ನಿಮ್ಮ ಜೀವಶಾಸ್ತ್ರ, ರಸಾಯನಶಾಸ್ತ್ರ, ಭೌತಶಾಸ್ತ್ರ ಮೂರೂ ಸೇರಿಕೊಂಡಿವೆ. ಎರಡು, ಆ ಕೂದಲನ್ನು ಮನೆಯ ದೊಡ್ಡವರು ಹೇಗೆ ಕಾಣುತ್ತಾರೋ ಅದನ್ನು ನೋಡಿಯೇ ಮಕ್ಕಳು, ವಯಸ್ಸಾಗುವುದೆಂದರೆ ಏನು ಎಂದು ಕಲಿಯುತ್ತಾರೆ. ಪಠ್ಯಪುಸ್ತಕದಲ್ಲಿಲ್ಲದ ಈ ಪಾಠ ಪ್ರತಿದಿನ ಬೆಳಿಗ್ಗೆ ಕನ್ನಡಿಯ ಮುಂದೆ ನಡೆಯುತ್ತದೆ. ಐವತ್ತು ದಾಟಿದ, ತಲೆಯಲ್ಲಿ ಕಪ್ಪಿಗಿಂತ ಬಿಳಿಯೇ ಹೆಚ್ಚಾಗಿರುವ ಮೇಷ್ಟ್ರಾದ ನನಗೆ ಈ ಪಾಠ ಹೇಳಲು ಸ್ವಲ್ಪ ಅರ್ಹತೆ ಇದೆ ಎಂದುಕೊಂಡಿದ್ದೇನೆ.

ಬಣ್ಣ ಬರುವುದು ಎಲ್ಲಿಂದ?

ನಮ್ಮ ತಲೆಯ ಮೇಲೆ ಸುಮಾರು ಒಂದು ಲಕ್ಷ ಕೂದಲುಗಳಿವೆ. ಪ್ರತಿಯೊಂದೂ ಚರ್ಮದೊಳಗಿನ ಒಂದು ಪುಟ್ಟ ಗುಳಿಯಲ್ಲಿ ಹುಟ್ಟುತ್ತದೆ. ಇದಕ್ಕೆ ಕೇಶಕೂಪ ಎಂದು ಹೆಸರು. ಈ ಗುಳಿಯ ತಳದಲ್ಲಿ ಜೀವಕೋಶಗಳು ಒಂದರ ಹಿಂದೊಂದು ಹುಟ್ಟಿ, ಮೇಲಕ್ಕೆ ತಳ್ಳಲ್ಪಟ್ಟು, ಕೆರಾಟಿನ್ ಎಂಬ ಪ್ರೋಟೀನನ್ನು ತುಂಬಿಕೊಂಡು ಗಟ್ಟಿಯಾಗಿ ಸಾಯುತ್ತವೆ. ಚರ್ಮದಿಂದ ಹೊರಗೆ ಬಂದ ಕೂದಲಿಗೆ ಜೀವವಿಲ್ಲ. ಕ್ಷೌರಿಕನ ಕತ್ತರಿಗೆ ನಾವು 'ಅಯ್ಯೋ' ಎನ್ನದಿರುವುದು ಅದಕ್ಕೇ. ಉಗುರು, ಹಕ್ಕಿಯ ಗರಿ, ದನದ ಕೊಂಬಿನ ಹೊರಪದರ ಎಲ್ಲವೂ ಇದೇ ಜಾತಿಯ ಪ್ರೋಟೀನಿನವು. ಇದರಲ್ಲಿ ಗಂಧಕವಿರುವುದರಿಂದಲೇ ಕೂದಲು ಸುಟ್ಟರೆ ಆ ಕಮಟು ವಾಸನೆ.

ಕೆರಾಟಿನ್‌ಗೆ ತನ್ನದೇ ಆದ ಬಣ್ಣ ಹೆಚ್ಚೇನೂ ಇಲ್ಲ. ಬಣ್ಣ ಕೊಡುವವರು ಬೇರೆ. ಕೇಶಕೂಪದ ತಳದಲ್ಲಿ ಕೂತಿರುವ ವರ್ಣಕೋಶಗಳು ಟೈರೋಸಿನ್ ಎಂಬ ಅಮೈನೋ ಆಮ್ಲವನ್ನು ತೆಗೆದುಕೊಂಡು ಮೆಲನಿನ್ ಎಂಬ ವರ್ಣದ್ರವ್ಯವನ್ನು ತಯಾರಿಸುತ್ತವೆ. ಅದನ್ನು ಸಣ್ಣ ಸಣ್ಣ ಕಾಳುಗಳಾಗಿ ಮಾಡಿ, ಬೆಳೆಯುತ್ತಿರುವ ಕೂದಲಿನ ಕೋಶಗಳಿಗೆ ದಾಟಿಸುತ್ತವೆ. ಮೆಲನಿನ್‌ನಲ್ಲಿ ಎರಡು ಬಗೆ. ಒಂದು ಕಪ್ಪು-ಕಂದು, ಇನ್ನೊಂದು ಹಳದಿ-ಕೆಂಪು. ನಮ್ಮ ಕಡೆಯವರ ತಲೆಯಲ್ಲಿ ಮೊದಲನೆಯದೇ ಹೆಚ್ಚು. ಜಗತ್ತಿನ ಎಲ್ಲ ಜನರ ಕೂದಲ ಬಣ್ಣಗಳೂ ಈ ಎರಡರ ಪ್ರಮಾಣದಲ್ಲಾಗುವ ಹೆಚ್ಚುಕಡಿಮೆಯಿಂದಲೇ ಬಂದವು.

ಕೂದಲು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್ ಬೆಳೆಯುತ್ತದೆ. ಒಂದು ಕೂದಲು ಎರಡರಿಂದ ಆರು ವರ್ಷ ಬೆಳೆದು, ಕೆಲವು ತಿಂಗಳು ವಿಶ್ರಾಂತಿ ಪಡೆದು ಉದುರುತ್ತದೆ. ದಿನಕ್ಕೆ 50ರಿಂದ 100 ಕೂದಲು ಉದುರುವುದು ಸಹಜ. ಉದುರಿದ ಜಾಗದಲ್ಲಿ ಅದೇ ಗುಳಿಯಿಂದ ಹೊಸ ಕೂದಲು ಹುಟ್ಟಬೇಕು. ಹುಟ್ಟುವಾಗ ಅದಕ್ಕೆ ಹೊಸದಾಗಿ ಬಣ್ಣಗಾರರೂ ಬೇಕು. ಗುಳಿಯ ಮೇಲ್ಭಾಗದಲ್ಲಿ ಕಾದಿಟ್ಟ ಆಕರಕೋಶಗಳ ಒಂದು ಸಣ್ಣ ದಾಸ್ತಾನು ಇದೆ. ಪ್ರತಿ ಹೊಸ ಕೂದಲಿಗೂ ಅಲ್ಲಿಂದ ಕೆಲವು ಕೋಶಗಳು ಕೆಳಗಿಳಿದು ಬಂದು ವರ್ಣಕೋಶಗಳಾಗುತ್ತವೆ. ದಾಸ್ತಾನು ತೀರಿತೋ, ಅಥವಾ ಕೆಳಗಿಳಿಯುವ ದಾರಿಯಲ್ಲಿ ತಡೆಯಾಯಿತೋ, ಮುಂದಿನ ಕೂದಲು ಬಣ್ಣವಿಲ್ಲದೆಯೇ ಹೊರಗೆ ಬರುತ್ತದೆ.

ಇಲ್ಲಿ ಒಂದು ಸಂಗತಿ ಗಮನಿಸಿ. ಕೂದಲನ್ನು ಕಟ್ಟುವ ಕಾರ್ಖಾನೆ ನಿಂತಿಲ್ಲ. ಬಣ್ಣದ ವಿಭಾಗ ಮಾತ್ರ ಬಾಗಿಲು ಹಾಕಿದೆ. ನರೆ ಬಂತೆಂದರೆ ಇಡೀ ದೇಹ ರಾಜೀನಾಮೆ ಕೊಟ್ಟಿತೆಂದು ತಿಳಿಯುವುದು, ಬಣ್ಣ ಮಾಸಿದ ಮನೆಯನ್ನು ಬಿದ್ದುಹೋದ ಮನೆ ಎಂದ ಹಾಗೆ.

ಬಿಳಿ ಎಂಬುದು ಬೆಳಕಿನ ಆಟ

ನರೆಗೂದಲಿನೊಳಗೆ ಬಿಳಿ ಬಣ್ಣವೆಂಬುದು ಎಲ್ಲೂ ಇಲ್ಲ. ಅಡುಗೆಮನೆಯಿಂದ ಒಂದು ಹರಳು ಕಲ್ಲುಸಕ್ಕರೆ ತನ್ನಿ. ಬೆಳಕಿಗೆ ಹಿಡಿದರೆ ಅದು ಗಾಜಿನ ಹಾಗೆ ಕಾಣುತ್ತದೆ. ಕುಟ್ಟಿ ಪುಡಿ ಮಾಡಿ. ಅದೇ ಸಕ್ಕರೆ ಈಗ ಹಾಲಿನಂತೆ ಬಿಳಿ. ನಾವು ಯಾವ ಬಣ್ಣವನ್ನೂ ಸೇರಿಸಲಿಲ್ಲ. ಬೆಳಕು ಸಾವಿರಾರು ಪುಟ್ಟ ಮೇಲ್ಮೈಗಳಿಗೆ ಬಡಿದು ಎಲ್ಲ ದಿಕ್ಕಿಗೂ ಚದುರಿತು, ಅಷ್ಟೆ. ಎಲ್ಲ ಬಣ್ಣಗಳ ಬೆಳಕೂ ಸಮನಾಗಿ ಚದುರಿ ಕಣ್ಣಿಗೆ ಬಂದರೆ ನಮಗೆ ಬಿಳಿ ಎನಿಸುತ್ತದೆ. ಹಿಮ, ಉಪ್ಪು, ಮೋಡ, ನೊರೆ, ನರೆ ಎಲ್ಲವೂ ಒಂದೇ ಸೂತ್ರದ ಸಂಬಂಧಿಗಳು.

ಹಾಗಾದರೆ ತಲೆ ಬೂದುಬಣ್ಣಕ್ಕೆ ತಿರುಗುವುದು ಹೇಗೆ? ಹಿಂದಿನ ಸಂಸ್ಕೃತ ಮೇಷ್ಟ್ರುಗಳು ಎರಡು ನ್ಯಾಯಗಳನ್ನು ಹೇಳುತ್ತಿದ್ದರು. ಹಾಲು ನೀರು ಬೆರೆತಂತೆ ಬೆರೆಯುವುದು ಕ್ಷೀರನೀರ ನ್ಯಾಯ. ಎಳ್ಳು ಅಕ್ಕಿ ಬೆರೆತಂತೆ ಬೆರೆಯುವುದು ತಿಲತಂಡುಲ ನ್ಯಾಯ. ನಮ್ಮ ತಲೆಯದು ಬಹುಮಟ್ಟಿಗೆ ಎರಡನೆಯದು. ಕಪ್ಪು ಕೂದಲು ಕಪ್ಪಾಗಿಯೇ ಇದೆ, ಬಿಳಿ ಬಿಳಿಯಾಗಿಯೇ ಇದೆ. ದೂರದಿಂದ ನೋಡುವ ಕಣ್ಣು ಎರಡನ್ನೂ ಕಲಸಿ ಬೂದಿ ಮಾಡುತ್ತದೆ.

ಯಾರಿಗೆ, ಯಾವಾಗ?

ಇದನ್ನು ಹೆಚ್ಚಾಗಿ ತೀರ್ಮಾನಿಸುವುದು ಅಪ್ಪ ಅಮ್ಮನಿಂದ ಬಂದ ವಂಶವಾಹಿ. 2016ರಲ್ಲಿ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ವಿಜ್ಞಾನಿಗಳ ನೇತೃತ್ವದ ತಂಡವೊಂದು ಲ್ಯಾಟಿನ್ ಅಮೆರಿಕದ 6,000ಕ್ಕೂ ಹೆಚ್ಚು ಜನರನ್ನು ಪರೀಕ್ಷಿಸಿ, ನರೆಗೆ ಸಂಬಂಧಪಟ್ಟ ವಂಶವಾಹಿಯೊಂದನ್ನು ಮೊದಲ ಬಾರಿಗೆ ಗುರುತಿಸಿತು. ಅದರ ಹೆಸರು ಐಆರ್‌ಎಫ್4. ಆದರೆ ಒಂದೇ ವಂಶವಾಹಿ ಎಲ್ಲವನ್ನೂ ನಿರ್ಧರಿಸುವುದಿಲ್ಲ. ಬೀಡಿ ಸಿಗರೇಟು ಸೇದುವವರಲ್ಲಿ ಬೇಗ ನರೆ ಕಾಣಿಸಿಕೊಳ್ಳುವುದು ಹಲವು ಅಧ್ಯಯನಗಳಲ್ಲಿ ಕಂಡಿದೆ.

'ನಿನ್ನ ಕಾಟಕ್ಕೇ ನನ್ನ ತಲೆ ಬೆಳ್ಳಗಾಯಿತು' ಎಂದು ತಾಯಂದಿರು ಮಕ್ಕಳನ್ನು ಬೈಯುವುದುಂಟು. ಇದರಲ್ಲಿ ನಿಜವಿದೆಯೇ? 2020ರಲ್ಲಿ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ವಿಜ್ಞಾನಿಗಳು ಇಲಿಗಳ ಮೇಲೆ ಪ್ರಯೋಗ ಮಾಡಿ, ತೀವ್ರ ಒತ್ತಡಕ್ಕೆ ಸಿಕ್ಕಾಗ ನರಗಳು ಸ್ರವಿಸುವ ನಾರ್‌ಅಡ್ರಿನಲಿನ್ ಎಂಬ ರಾಸಾಯನಿಕ, ಬಣ್ಣದ ಆಕರಕೋಶಗಳ ದಾಸ್ತಾನನ್ನು ಬರಿದು ಮಾಡುತ್ತದೆಂದು ತೋರಿಸಿದರು. 2021ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದವರು ಮನುಷ್ಯರ ಒಂದೊಂದೇ ಕೂದಲನ್ನು ಬುಡದಿಂದ ತುದಿಯವರೆಗೆ ಅಳೆದು ನೋಡಿದರು. ಕೆಲವರ ಕೆಲವು ಕೂದಲು ನರೆತು, ಮತ್ತೆ ತಾನಾಗಿಯೇ ಕಪ್ಪಾಗಿದ್ದವು. ಅವರಲ್ಲಿ ಒಬ್ಬರು ರಜೆಗೆ ಹೋಗಿದ್ದ ಸಮಯದಲ್ಲೇ ಅವರ ಐದು ಕೂದಲುಗಳಿಗೆ ಬಣ್ಣ ಮರಳಿತ್ತು. ಆದರೆ ಒತ್ತಡ ಇಳಿದರೆ ಬೆಳ್ಳಗಾದ ಇಡೀ ತಲೆ ಕಪ್ಪಾಗುತ್ತದೆಂದು ಆ ವಿಜ್ಞಾನಿಗಳು ಹೇಳಿಲ್ಲ. ನರೆಯುವ ಹೊಸ್ತಿಲಲ್ಲಿರುವ ಕೆಲವೇ ಕೂದಲುಗಳಿಗೆ ಮಾತ್ರ ಈ ಮಾತು ಅನ್ವಯ. ಆದ್ದರಿಂದ ಅಮ್ಮನ ಬೈಗುಳದಲ್ಲಿ ಒಂದು ಎಳೆ ನಿಜ, ಉಳಿದದ್ದು ಅಜ್ಜ ಅಜ್ಜಿಯ ಕೊಡುಗೆ.

ಇನ್ನು ಎರಡು ನಂಬಿಕೆಗಳನ್ನು ಇಲ್ಲೇ ಬಿಟ್ಟುಬಿಡೋಣ. ಒಂದು ಬಿಳಿಗೂದಲು ಕಿತ್ತರೆ ಹತ್ತು ಹುಟ್ಟುವುದಿಲ್ಲ. ಪಕ್ಕದ ಗುಳಿಗಳಿಗೆ ಆ ಸುದ್ದಿಯೇ ತಲುಪುವುದಿಲ್ಲ. ಆದರೆ ಕೀಳುತ್ತ ಹೋದರೆ ಗುಳಿಗೆ ಪೆಟ್ಟಾಗಿ ಅಲ್ಲಿ ಕೂದಲೇ ಬಾರದಿರಬಹುದು. ಇನ್ನೊಂದು, ಒಂದೇ ರಾತ್ರಿಯಲ್ಲಿ ತಲೆ ಬೆಳ್ಳಗಾಗುವ ಕಥೆ. 1793ರಲ್ಲಿ ಗಿಲೊಟಿನ್‌ಗೆ ತಲೆಕೊಟ್ಟ ಫ್ರಾನ್ಸಿನ ರಾಣಿ ಮೇರಿ ಆಂಟೊನೆಟ್‌ಳ ಬಗ್ಗೆ ಈ ಕಥೆ ಪ್ರಸಿದ್ಧವಾಗಿದೆ. ಹೊರಗೆ ಬಂದ ಕೂದಲು ಸತ್ತ ವಸ್ತು ಎಂದು ಆಗಲೇ ಹೇಳಿದೆನಲ್ಲ, ಅದರ ಉದ್ದಕ್ಕೂ ಇರುವ ಬಣ್ಣವನ್ನು ದೇಹ ಒಂದು ರಾತ್ರಿಯಲ್ಲಿ ವಾಪಸು ಎಳೆದುಕೊಳ್ಳಲಾರದು. ಒಂದು ಬಗೆಯ ಕಾಯಿಲೆಯಲ್ಲಿ ಕಪ್ಪು ಕೂದಲು ಮಾತ್ರ ಬೇಗಬೇಗ ಉದುರಿ ಬಿಳಿಯವು ಉಳಿಯುವುದುಂಟು. ನೋಡಿದವರಿಗೆ ಥಟ್ಟನೆ ಬೆಳ್ಳಗಾದಂತೆ ಕಂಡಿದ್ದರೆ ಕಾರಣ ಅದಿರಬಹುದು ಎನ್ನುತ್ತಾರೆ ವೈದ್ಯರು.

ಅಪ್ಪನನ್ನು ಅಜ್ಜ ಎಂದ ಹುಡುಗ

ಈಗ ಒಂದು ನಡೆದ ಸಂಗತಿ. ಸಂಬಂಧಪಟ್ಟವರ ಒಪ್ಪಿಗೆ ಪಡೆದೇ ಹೇಳುತ್ತಿದ್ದೇನೆ. ಊರು ಹೆಸರು ಬೇಡ. ಒಂಬತ್ತನೇ ತರಗತಿಯ ಹುಡುಗನೊಬ್ಬನ ತಂದೆ ಪಾಲಕರ ಸಭೆಗೆ ಬಂದಿದ್ದರು. ವಯಸ್ಸು ನಲವತ್ತೈದು ಇದ್ದೀತು, ತಲೆ ಮಾತ್ರ ಪೂರಾ ಬೆಳ್ಳಗೆ. ಅಂಗಳದಲ್ಲಿದ್ದ ಹುಡುಗರು 'ನಿಮ್ಮ ಅಜ್ಜ ಬಂದಿದಾರಾ?' ಎಂದು ಕೇಳಿದರು. ಇವನು ಒಂದು ಕ್ಷಣ ತಡೆದು 'ಹೂಂ' ಎಂದ. ತಂದೆ ಮೂರು ಮಾರು ದೂರದಲ್ಲಿ ಚಪ್ಪಲಿ ಬಿಡುತ್ತಿದ್ದರು. ಕೇಳಿಸಿತು. ಏನೂ ಮಾತಾಡಲಿಲ್ಲ.

ಮುಂದಿನ ಸಭೆಗೆ ಅವರು ಬಂದಾಗ ತಲೆ ಕಾಡಿಗೆಯಂತೆ ಕಪ್ಪಾಗಿತ್ತು. ಆದರೆ ಹಣೆಯ ಅಂಚು ಕೆಂಪಾಗಿ ಗುಳ್ಳೆ ಎದ್ದಿತ್ತು, ಕಣ್ಣಿನ ರೆಪ್ಪೆ ಊದಿಕೊಂಡು ಒಂದು ಕಣ್ಣು ಮುಚ್ಚಿಯೇ ಹೋಗಿತ್ತು. ಎರಡು ದಿನ ಮೊದಲು ಬಣ್ಣ ಹಚ್ಚಿದ್ದರಂತೆ. ಹಿಂದೆ ತಮ್ಮನ ಮದುವೆಗೆ, ತಂಗಿಯ ಮನೆಯ ಗೃಹಪ್ರವೇಶಕ್ಕೆ ಎಂದು ಒಂದೆರಡು ಬಾರಿ ಹಚ್ಚಿದಾಗ ಏನೂ ಆಗಿರಲಿಲ್ಲವಂತೆ. 'ಹುಡುಗನಿಗೆ ಬೇಜಾರಾಗಬಾರದು ಅಂತ ಸಾರ್' ಎಂದರು. ಆ ಹುಡುಗ ನೆಲ ನೋಡುತ್ತ ನಿಂತಿದ್ದ. ನಾನು ಬುದ್ಧಿ ಹೇಳಲು ಹೋಗಲಿಲ್ಲ, ಅದರ ಅಗತ್ಯವೂ ಕಾಣಲಿಲ್ಲ. ಡಾಕ್ಟರ ಹತ್ತಿರ ಅಪ್ಪನ ಜೊತೆ ಹೋದವನು ಅವನೇ. ಇನ್ನು ಜನ್ಮದಲ್ಲಿ ಆ ಬಣ್ಣ ಮುಟ್ಟಬೇಡಿ ಎಂದು ಅವರು ಹೇಳಿ ಕಳಿಸಿದರಂತೆ. ವರ್ಷದ ಕೊನೆಯ ಸಭೆಗೆ ತಂದೆ ಬಂದಾಗ ಕೂದಲನ್ನು ಚಿಕ್ಕದಾಗಿ ಕತ್ತರಿಸಿದ್ದರು, ತಲೆ ಮತ್ತೆ ಬೆಳ್ಳಗಾಗಿತ್ತು, ಇಸ್ತ್ರಿ ಮಾಡಿದ ತಿಳಿನೀಲಿ ಅಂಗಿ ಹಾಕಿದ್ದರು. ಹುಡುಗ ಮುಂದೆ ಬಂದು, ಅಗತ್ಯಕ್ಕಿಂತ ಸ್ವಲ್ಪ ಗಟ್ಟಿಯಾಗಿಯೇ, 'ಸಾರ್, ನಮ್ಮಪ್ಪ' ಎಂದ.

ಡಬ್ಬಿಯೊಳಗೆ ಏನಿದೆ?

ಆ ತಂದೆಗೆ ಆದದ್ದೇನು ಎಂದು ತಿಳಿಯಲು ಬಣ್ಣದ ಡಬ್ಬಿಯ ರಸಾಯನಶಾಸ್ತ್ರ ತಿಳಿಯಬೇಕು. 1856ರಲ್ಲಿ ಲಂಡನ್ನಿನಲ್ಲಿ ವಿಲಿಯಂ ಪರ್ಕಿನ್ ಎಂಬ 18 ವರ್ಷದ ಹುಡುಗ ಮಲೇರಿಯಾ ಜ್ವರದ ಔಷಧಿಯಾದ ಕ್ವಿನೈನನ್ನು ಪ್ರಯೋಗಶಾಲೆಯಲ್ಲಿ ತಯಾರಿಸಲು ಹೋಗಿ, ನೇರಳೆ ಬಣ್ಣವೊಂದನ್ನು ಪಡೆದ. ಕಲ್ಲಿದ್ದಲ ಡಾಂಬರಿನಿಂದ ಬಣ್ಣಗಳನ್ನು ತೆಗೆಯುವ ದೊಡ್ಡ ಉದ್ಯಮಕ್ಕೆ ಅದು ನಾಂದಿ. ಅದೇ ಬಳಗದ ಪ್ಯಾರಾ-ಫಿನೈಲೀನ್‌ಡಯಮಿನ್, ಚಿಕ್ಕದಾಗಿ ಪಿ.ಪಿ.ಡಿ., ಇಂದಿಗೂ ಹೆಚ್ಚಿನ ಕಪ್ಪು ಕೇಶವರ್ಣಗಳ ಮೂಲವಸ್ತು.

ಡಬ್ಬಿಯಲ್ಲಿ ಸಾಮಾನ್ಯವಾಗಿ ಎರಡು ಭಾಗಗಳಿರುತ್ತವೆ. ಒಂದರಲ್ಲಿ ಪಿ.ಪಿ.ಡಿ. ಮತ್ತು ಅಮೋನಿಯಾದಂಥ ಕ್ಷಾರ, ಇನ್ನೊಂದರಲ್ಲಿ ಹೈಡ್ರೋಜನ್ ಪೆರಾಕ್ಸೈಡ್. ಕ್ಷಾರವು ಕೂದಲಿನ ಹೊರಪದರದ ಹೆಂಚುಗಳನ್ನು ಎತ್ತಿ ದಾರಿ ಮಾಡಿಕೊಡುತ್ತದೆ. ಬಣ್ಣವಿಲ್ಲದ ಚಿಕ್ಕ ಅಣುಗಳು ಒಳಗೆ ನುಗ್ಗುತ್ತವೆ. ಪೆರಾಕ್ಸೈಡಿನ ಆಮ್ಲಜನಕ ಸಿಕ್ಕೊಡನೆ ಅವು ಒಂದಕ್ಕೊಂದು ಕೂಡಿಕೊಂಡು ದೊಡ್ಡ ಕಪ್ಪು ಅಣುಗಳಾಗುತ್ತವೆ. ಹೊರಗೆ ಬರಲು ಆಗದೆ ಒಳಗೇ ಉಳಿಯುತ್ತವೆ. ಬಾಗಿಲಿನಲ್ಲಿ ಬಿಡಿಬಿಡಿಯಾಗಿ ಒಳಗೆ ಹೋದ ಮಂಚ, ಒಳಗೆ ಜೋಡಿಸಿದ ಮೇಲೆ ಹೊರಗೆ ಬಾರದಲ್ಲ, ಹಾಗೆ.

ತೊಂದರೆ ಏನೆಂದರೆ, ಈ ಪಿ.ಪಿ.ಡಿ. ಕೆಲವರ ಚರ್ಮಕ್ಕೆ ಒಗ್ಗುವುದಿಲ್ಲ. ಮೊದಲ ಕೆಲವು ಬಾರಿ ಸುಮ್ಮನಿದ್ದ ದೇಹ ಯಾವತ್ತೋ ಒಂದು ದಿನ ಅದನ್ನು ಶತ್ರುವೆಂದು ಗುರುತು ಹಿಡಿದು ತಿರುಗಿಬೀಳಬಹುದು. ಒಮ್ಮೆ ಗುರುತು ಹಿಡಿಯಿತೆಂದರೆ ಸಾಮಾನ್ಯವಾಗಿ ಮರೆಯುವುದೇ ಇಲ್ಲ. ಹಾಗಾಗಿ 'ಇಷ್ಟು ವರ್ಷ ಹಚ್ಚಿದ್ದೇನೆ, ಏನೂ ಆಗಿಲ್ಲ' ಎಂಬುದು ಮುಂದಿನ ಬಾರಿಗೆ ಭರವಸೆಯಲ್ಲ. ಹಚ್ಚುವವರು ಪ್ರತಿ ಬಾರಿಯೂ ಡಬ್ಬಿಯ ಮೇಲೆ ಬರೆದಿರುವಂತೆ ಕಿವಿಯ ಹಿಂದೆಯೋ ಮೊಣಕೈಯ ಒಳಮಡಿಕೆಯಲ್ಲೋ ಒಂದು ಚುಕ್ಕೆ ಹಚ್ಚಿ 48 ಗಂಟೆ ಕಾದು ನೋಡಬೇಕು. ಯುರೋಪಿನಲ್ಲಿ ಮಾರುವ ಇಂಥ ಡಬ್ಬಿಗಳ ಮೇಲೆ, 16 ವರ್ಷದೊಳಗಿನವರಿಗೆ ಇದು ಅಲ್ಲ ಎಂಬ ಎಚ್ಚರಿಕೆಯನ್ನು ಮುದ್ರಿಸಲೇಬೇಕು. ಮಕ್ಕಳ ಕೈಗೆ ಸಿಗುವಲ್ಲಿ ಡಬ್ಬಿಯನ್ನು ಇಡಬೇಡಿ. ಹೊಟ್ಟೆಗೆ ಹೋದರೆ ಗಂಟಲು ಊದಿ ಪ್ರಾಣಕ್ಕೇ ಅಪಾಯ.

'ನಾವು ಮೆಹಂದಿ ಮಾತ್ರ ಹಚ್ಚುವುದು' ಎನ್ನುವವರಿಗೆ ಒಂದು ಮಾತು. ಗೋರಂಟಿ ಎಲೆಯಲ್ಲಿರುವ ಲಾಸೋನ್ ಎಂಬ ವಸ್ತು ಕೆರಾಟಿನ್‌ಗೆ ಅಂಟಿಕೊಂಡು ಕೊಡುವ ಬಣ್ಣ ಕಿತ್ತಳೆ-ಕೆಂಪು. ಬರೀ ಗೋರಂಟಿಯಿಂದ ಕೂದಲು ಕಪ್ಪಾಗದು. ಮೆಹಂದಿ ಎಂದು ಬರೆದ ಪೊಟ್ಟಣ ತಲೆಯನ್ನು ಕಪ್ಪು ಮಾಡಿತೆಂದರೆ ಅದರೊಳಗೆ ಇನ್ನೇನೋ ಇದೆ. ನೀಲಿಗಿಡದ ಎಲೆಯ ಪುಡಿ ಇರಬಹುದು, ಪಿ.ಪಿ.ಡಿ.ಯೂ ಇರಬಹುದು. ಪೊಟ್ಟಣದ ಹಿಂಬದಿಯ ಸಣ್ಣಕ್ಷರ ಓದುವ ಕೆಲಸವನ್ನು ಮನೆಯ ಹೈಸ್ಕೂಲು ಮಕ್ಕಳಿಗೆ ವಹಿಸಿ. ಕಣ್ಣು ಚುರುಕಾಗಿರುವವರು ಅವರೇ.

ಬಣ್ಣ ಹಚ್ಚಲೇಬಾರದು ಎಂಬುದು ನನ್ನ ವಾದವಲ್ಲ. ಅದು ಅವರವರ ಇಷ್ಟ. ಇಷ್ಟಪಟ್ಟು ಹಚ್ಚುವುದು ಬೇರೆ, ಹೆದರಿ ಹಚ್ಚುವುದು ಬೇರೆ. ನನ್ನ ಮಾತು ಎರಡನೆಯದರ ಬಗ್ಗೆ.

ಹದಿನೈದಕ್ಕೇ ಬಂದರೆ

ವಿದ್ಯಾರ್ಥಿಗಳಲ್ಲೇ ಕೆಲವರಿಗೆ ಬಾಲನರೆ ಇರುತ್ತದೆ. ನಮ್ಮಂಥ ಏಷ್ಯದ ಜನರಲ್ಲಿ 25 ವರ್ಷಕ್ಕೆ ಮೊದಲು ಬಂದರೆ ವೈದ್ಯರು ಅದನ್ನು ಅಕಾಲದ ನರೆ ಎನ್ನುತ್ತಾರೆ. ಹೆಚ್ಚಿನವರಿಗೆ ಇದು ವಂಶದ ಗುಣ. ಆದರೆ ಕೆಲವರಲ್ಲಿ ಬಿ-12 ಜೀವಸತ್ವದ ಕೊರತೆ, ಥೈರಾಯ್ಡ್ ಗ್ರಂಥಿಯ ತೊಂದರೆ ಕಾರಣವಿರಬಹುದು. ಬಿ-12 ಸಿಗುವುದು ಹಾಲು, ಮೊಸರು, ಮೊಟ್ಟೆ, ಮೀನು, ಮಾಂಸಗಳಿಂದ. ಸೊಪ್ಪು ತರಕಾರಿಗಳಲ್ಲಿ ಅದು ಇಲ್ಲ. ಕೊರತೆಯಿಂದ ಬಂದ ನರೆ, ಕೊರತೆ ನೀಗಿದಾಗ ಕೆಲವೊಮ್ಮೆ ಹಿಂದೆ ಸರಿಯುವುದುಂಟು. ಆದ್ದರಿಂದ ಪಾಲಕರೇ, ಮಗುವಿನ ತಲೆಯಲ್ಲಿ ನರೆ ಕಂಡರೆ ಮೊದಲು ಹೋಗಬೇಕಾದ್ದು ವೈದ್ಯರ ಬಳಿಗೆ, ಬಣ್ಣದ ಅಂಗಡಿಗಲ್ಲ. ವೈದ್ಯರು ಏನೂ ಇಲ್ಲ ಎಂದರೆ ನಿಜವಾಗಿ ಏನೂ ಇಲ್ಲ. ಆ ಮಗುವಿಗೆ ಆಗ ಬೇಕಾದ್ದು, 'ನಮ್ಮ ಮನೆತನದವರಿಗೆ ಹೀಗೇ, ನಿನ್ನ ತಾತನಿಗೂ ಹೀಗೇ ಇತ್ತು' ಎಂಬ ಒಂದು ನಿರಾಳ ಮಾತು. ತರಗತಿಯಲ್ಲಿ ಪಕ್ಕದ ಬೆಂಚಿನವನನ್ನು 'ಏ ತಾತ' ಎಂದು ಕರೆಯುವ ಹುಡುಗರಿಗೂ ಒಂದು ಮಾತು: ನಿಮ್ಮ ದಾಸ್ತಾನೂ ಎಣಿಕೆಯದ್ದೇ.

ನರೆಗೂ ಒಂದು ಠೀವಿ

ನಮ್ಮ ಹಳೆಯ ಕಥೆಗಳಲ್ಲಿ ನರೆ ಒಂದು ಓಲೆ. ಕಾಳಿದಾಸನ 'ರಘುವಂಶ'ದಲ್ಲಿ ಮುಪ್ಪು ನರೆಯ ವೇಷದಲ್ಲಿ ದಶರಥನ ಕಿವಿಯ ಬಳಿಗೆ ಬಂದು, ರಾಮನಿಗೆ ರಾಜ್ಯ ಒಪ್ಪಿಸೆಂದು ಪಿಸುಗುಡುತ್ತದೆ. ಬೌದ್ಧರ ಜಾತಕ ಕಥೆಯ ಮಖಾದೇವ ರಾಜ, ಮೊದಲ ನರೆ ಕಂಡ ದಿನ ತಿಳಿಸೆಂದು ಕ್ಷೌರಿಕನಿಗೆ ಹೇಳಿಟ್ಟಿದ್ದ. ತಿಳಿಸಿದಾಗ ಅವನಿಗೆ ಒಂದು ಗ್ರಾಮವನ್ನೇ ಉಂಬಳಿ ಕೊಟ್ಟು ತಾನು ಕಾಡಿಗೆ ನಡೆದ. ಬಿಳಿಗೂದಲು ತೋರಿಸಿದವನಿಗೆ ಬಹುಮಾನ ಕೊಟ್ಟ ಕಾಲ ಅದು. ಆದರೆ ಆ ರಾಜರ ಹಾಗೆ ನಾವು ರಾಜ್ಯ ಬಿಟ್ಟು ಹೋಗಬೇಕಾಗಿಲ್ಲ. ಮೊದಲ ನರೆ ಕಂಡ ದಿನ ನಮ್ಮಲ್ಲಿ ಬಹುಮಂದಿಗೆ ಮನೆ ಸಾಲದ ಕಂತೂ ಮಕ್ಕಳ ಪರೀಕ್ಷೆಯೂ ಎದುರಿಗಿರುತ್ತವೆ. ನಮ್ಮ ಪಾಲಿನ ಓಲೆಯಲ್ಲಿ ಬರೆದಿರುವುದು 'ಹೊರಡು' ಎಂದಲ್ಲ, 'ಅರ್ಧ ದಾರಿ ಬಂದಿದ್ದೀಯೆ, ಬೆನ್ನು ನೆಟ್ಟಗೆ ಮಾಡಿಕೋ' ಎಂದು.

ಬೆಂಗಳೂರಿನಲ್ಲಿ ಬಸ್ ಕಂಡಕ್ಟರ್ ಆಗಿದ್ದ ರಜನಿಕಾಂತ್ ಅವರನ್ನು ನೋಡಿ. ತೆರೆಯ ಮೇಲೆ ಪಾತ್ರಕ್ಕೆ ಬೇಕಾದ ಕಪ್ಪು ಕೂದಲು; ಸಭೆ ಸಮಾರಂಭಗಳಿಗೆ ಬೋಳಾಗುತ್ತಿರುವ ತಲೆ, ಬಿಳಿಯ ಗಡ್ಡದಲ್ಲೇ ಬರುತ್ತಾರೆ. ಅಭಿಮಾನಿಗಳ ಶಿಳ್ಳೆ ಕಡಿಮೆಯಾದದ್ದಿಲ್ಲ. ನಮ್ಮ ರಾಹುಲ್ ದ್ರಾವಿಡ್ 2007ರಲ್ಲಿ ವೆಸ್ಟ್ ಇಂಡೀಸಿನಲ್ಲಿ ಕಪ್ಪುಗೂದಲಿನ ನಾಯಕನಾಗಿ, ವಿಶ್ವಕಪ್ಪಿನ ಮೊದಲ ಸುತ್ತಿನಲ್ಲೇ ಸೋತು ಮರಳಿದ್ದರು. 2024ರಲ್ಲಿ ಅದೇ ದ್ವೀಪಗಳಿಗೆ ನರೆ ಬೆರೆತ ತಲೆಯ ತರಬೇತುದಾರರಾಗಿ ಹೋದಾಗ, ಬಾರ್ಬಡೋಸಿನಲ್ಲಿ ಟಿ-20 ವಿಶ್ವಕಪ್ ಕೈಗೆ ಬಂತು. ನಡುವಿನ 17 ವರ್ಷ ತಲೆಯಿಂದ ತೆಗೆದುಕೊಂಡದ್ದೆಷ್ಟು, ತಲೆಯೊಳಗೆ ತುಂಬಿದ್ದೆಷ್ಟು ಎಂಬ ಲೆಕ್ಕವನ್ನು ನೀವೇ ಹಾಕಿ.

'ಅವರೆಲ್ಲ ಗಂಡಸರು ಸಾರ್' ಎಂದು ತಾಯಂದಿರು ಹೇಳಬಹುದು. ನ್ಯಾಯವಾದ ಮಾತು. ಗಂಡಸಿಗೆ ನರೆ ಬಂದರೆ 'ಗಾಂಭೀರ್ಯ ಬಂತು' ಎನ್ನುವ ಬಾಯಿ, ಹೆಂಗಸಿಗೆ ಬಂದರೆ 'ಯಾಕಮ್ಮ, ಹುಷಾರಿಲ್ವಾ?' ಎನ್ನುತ್ತದೆ. ನಮ್ಮಲ್ಲಿ ಮಾತ್ರವಲ್ಲ. ಕೆನಡಾದ ಹೆಸರಾಂತ ಟಿ.ವಿ. ವಾರ್ತಾವಾಚಕಿ ಲೀಸಾ ಲಾಫ್ಲೇಮ್ 2020ರ ಕೊರೋನಾ ಕಾಲದಲ್ಲಿ ಬಣ್ಣ ಹಚ್ಚುವುದನ್ನು ನಿಲ್ಲಿಸಿ ಬೆಳ್ಳಿಗೂದಲಿನಲ್ಲೇ ವಾರ್ತೆ ಓದತೊಡಗಿದರು. ಸುಮಾರು 35 ವರ್ಷ ದುಡಿದ ಆಕೆಯ ಒಪ್ಪಂದವನ್ನು ಸಂಸ್ಥೆ 2022ರಲ್ಲಿ ಕೊನೆಗೊಳಿಸಿದಾಗ, ಇದಕ್ಕೆ ನರೆಯೇ ಕಾರಣವೆಂದು ದೇಶದಲ್ಲೆಲ್ಲ ಕೂಗೆದ್ದಿತು. ಸಂಸ್ಥೆ ಅದನ್ನು ಒಪ್ಪಲಿಲ್ಲ, ವ್ಯವಹಾರದ ತೀರ್ಮಾನ ಎಂದಿತು. ಕಾರಣ ಏನೇ ಇರಲಿ, ಒಬ್ಬ ಹೆಂಗಸಿನ ತಲೆಗೂದಲು ಒಂದು ದೇಶದ ಚರ್ಚೆಯಾಯಿತು ಎಂಬುದೇ ಯೋಚಿಸಬೇಕಾದ ವಿಷಯ. ಇತ್ತ ನಮ್ಮಲ್ಲಿ, 2024ರಲ್ಲಿ ರಾಜ್ಯಸಭೆಗೆ ನಾಮಕರಣಗೊಂಡ ಲೇಖಕಿ ಸುಧಾ ಮೂರ್ತಿ ನರೆಗೂದಲಿಗೆ ಹೂ ಮುಡಿದು ಎಲ್ಲೆಡೆ ಓಡಾಡುತ್ತಾರೆ. ನರೆತ ತುರುಬಿಗೆ ಒಂದು ಮೊಳ ಕನಕಾಂಬರ ಎಷ್ಟು ಒಪ್ಪುತ್ತದೆಂದು ಮನೆಯ ಮುಂದಿನ ಮದುವೆಯಲ್ಲಿ ನೋಡಿ. ಕಪ್ಪು ಕೂದಲಿನಲ್ಲಿ ಮಲ್ಲಿಗೆ ಎದ್ದು ಕಾಣುವ ಹಾಗೆ, ಬಿಳಿಯ ಮೇಲೆ ಕಿತ್ತಳೆ ಎದ್ದು ಕಾಣುತ್ತದೆ. ಅದೂ ವಿಜ್ಞಾನವೇ.

ಬಣ್ಣ ಬಿಡಬೇಕೆನ್ನುವವರಿಗೆ ಒಂದು ಸಣ್ಣ ಲೆಕ್ಕ. ತಿಂಗಳಿಗೆ ಒಂದು ಸೆಂಟಿಮೀಟರ್. ಐದು ಸೆಂಟಿಮೀಟರ್ ಕೂದಲಿರುವ ಗಂಡಸಿಗೆ ಐದಾರು ತಿಂಗಳು, 30 ಸೆಂಟಿಮೀಟರ್ ಇರುವ ಹೆಂಗಸಿಗೆ ಎರಡೂವರೆ ವರ್ಷ. ಅಷ್ಟು ದಿನ ತಲೆ ಎರಡು ಬಣ್ಣವಾಗಿರುತ್ತದೆ. ಬೇಗ ಮುಗಿಯಬೇಕಿದ್ದರೆ ಕೂದಲನ್ನು ಸ್ವಲ್ಪ ಸ್ವಲ್ಪ ಕತ್ತರಿಸುತ್ತ ಬರುವುದೊಂದೇ ದಾರಿ. ನರೆಗೂದಲಿಗೆ ಮುಖ್ಯವಾಗಿ ಬೇಕಾದ್ದು ಓರಣ. ಹೊತ್ತಿಗೆ ಸರಿಯಾಗಿ ಕತ್ತರಿ, ಬಾಚಣಿಗೆ, ಒರಟೆನಿಸಿದರೆ ಎರಡು ತೊಟ್ಟು ಕೊಬ್ಬರಿ ಎಣ್ಣೆ. ಬಿಸಿಲು, ಹೊಗೆ, ಗಡಸು ನೀರಿನಿಂದ ಬಿಳಿಗೂದಲು ಹಳದಿಗೆ ತಿರುಗುವುದುಂಟು. ಬಿಳಿ ಪಂಚೆಯ ಹಳದಿ ಹೋಗಲು ನೀಲಿ ಹಾಕುವ ಹಾಗೆ, ಇದಕ್ಕೆಂದೇ ನೇರಳೆ ಬಣ್ಣದ ಶಾಂಪೂ ಸಿಗುತ್ತದೆ. ಬಟ್ಟೆಯ ನೀಲಿಯನ್ನೇ ತಲೆಗೆ ಹಾಕಿಕೊಳ್ಳಬೇಡಿ! ಬಿಳಿಗೂದಲಿನಲ್ಲಿ ಬಿಸಿಲು ತಡೆಯುವ ಮೆಲನಿನ್ ಇಲ್ಲದ್ದರಿಂದ ಮಟಮಟ ಮಧ್ಯಾಹ್ನ ಟೋಪಿಯೋ ಕೊಡೆಯೋ ಇರಲಿ. ಉಳಿದದ್ದೆಲ್ಲ ನಡಿಗೆಯಲ್ಲಿ, ಮಾತಿನಲ್ಲಿ ಇದೆ. ತನ್ನ ತಲೆಯ ಬಗ್ಗೆ ನಿರಾಳವಾಗಿರುವವನ ತಲೆಯನ್ನು ಯಾರೂ ಎರಡನೇ ಬಾರಿ ನೋಡುವುದಿಲ್ಲ, ಅವನ ಮುಖವನ್ನು ನೋಡುತ್ತಾರೆ.

ಮಕ್ಕಳು ನಮ್ಮ ಉಪದೇಶಕ್ಕಿಂತ ನಮ್ಮ ಮುಖವನ್ನು ಬೇಗ ಓದುತ್ತಾರೆ. ಅಪ್ಪ ಪ್ರತಿ ಭಾನುವಾರ ಗಾಬರಿಯಿಂದ ಬಿಳಿಗೂದಲು ಹುಡುಕುವುದನ್ನು ಕಂಡ ಮಗ, ವಯಸ್ಸಾಗುವುದು ಮುಚ್ಚಿಡಬೇಕಾದ ತಪ್ಪು ಎಂದು ಕಲಿಯುತ್ತಾನೆ. ನಾಳೆ ಅವನು ಅಜ್ಜಿಯನ್ನು ನೋಡುವುದೂ ಅದೇ ಕಣ್ಣಿನಿಂದ. ನಿರಾಳವಾಗಿ ತಲೆ ಬಾಚಿಕೊಂಡು ಕೆಲಸಕ್ಕೆ ಹೊರಡುವ ಅಮ್ಮನನ್ನು ಕಂಡ ಮಗಳು, ಮುಂದೆ ತನ್ನ ಮೊದಲ ನರೆ ಕಂಡ ದಿನ ಹೆದರಿ ಕೂರುವುದಿಲ್ಲ.

ಮಾಡಿ ನೋಡಿ

ಈ ವಾರದ ಪ್ರಯೋಗಕ್ಕೆ ಖರ್ಚಿಲ್ಲ. ಮನೆಯವರ ಬಾಚಣಿಗೆಗಳಿಂದ ಉದುರಿದ ಕೂದಲುಗಳನ್ನು ಕೇಳಿ ಪಡೆಯಿರಿ. ಯಾರ ತಲೆಯಿಂದಲೂ ಕೀಳಬೇಡಿ. ನಿಮ್ಮದೊಂದು, ಅಪ್ಪ ಅಥವಾ ಅಮ್ಮನದೊಂದು, ಅಜ್ಜ ಅಥವಾ ಅಜ್ಜಿಯದೊಂದು. ಬಿಳಿಗೂದಲನ್ನು ಮೊದಲು ಕಪ್ಪು ಹಲಗೆಯ ಮೇಲೆ, ಆಮೇಲೆ ಬಿಳಿ ಕಾಗದದ ಮೇಲೆ ಇಟ್ಟು ಭೂತಗನ್ನಡಿಯಲ್ಲಿ ನೋಡಿ. ಎಣ್ಣೆಯ ಒಂದು ಹನಿ ಹಾಕಿ ಮತ್ತೆ ನೋಡಿ. ಅದು ಎಷ್ಟು ಪಾರದರ್ಶಕವಾಗುತ್ತದೆ ಎಂದು ಬರೆದುಕೊಳ್ಳಿ. ಬುಡ ಬಿಳಿಯಾಗಿ ತುದಿ ಕಪ್ಪಾಗಿರುವ ಕೂದಲು ಸಿಕ್ಕಿದರೆ ಅಳತೆಪಟ್ಟಿಯಿಂದ ಬಿಳಿಯ ಭಾಗವನ್ನು ಅಳೆಯಿರಿ. ಅಷ್ಟು ಸೆಂಟಿಮೀಟರ್ ಎಂದರೆ ಸುಮಾರು ಅಷ್ಟೇ ತಿಂಗಳು. ಆ ಮನೆಯವರು ಬಣ್ಣ ಹಚ್ಚುವವರಾದರೆ ಅದು ಕೊನೆಯ ಬಾರಿ ಹಚ್ಚಿ ಎಷ್ಟು ದಿನವಾಯಿತು ಎಂಬ ಲೆಕ್ಕ. ಹಚ್ಚದವರಾದರೆ ಆ ಕೂದಲು ನರೆಯತೊಡಗಿದ ತಿಂಗಳು. ಆ ತಿಂಗಳು ಮನೆಯಲ್ಲಿ ಏನೇನು ನಡೆದಿತ್ತು ಎಂದು ಆ ಕೂದಲಿನ ಒಡೆಯರನ್ನೇ ಕೇಳಿ. ಉತ್ತರ ಸ್ವಲ್ಪ ಉದ್ದವಾಗಬಹುದು; ಟಿಪ್ಪಣಿ ಪುಸ್ತಕದಲ್ಲಿ ಒಂದು ಪುಟ ಬಿಟ್ಟಿರಿ.